ಬಸ್ಸಿನಲ್ಲಿ ಮಾತ್ರ ಇದ್ದ ಹೆಂಡತಿ

ಇನಾಸ ಬಾರೆಟೊನಿಗೆ ಹೆಂಡತಿ ಇದ್ದಳು, ಮಕ್ಕಳೂ ಇದ್ದರು. ಆದರೆ ಬೆಳಗ್ಗೆ ಬಸ್ಸು ಹೊರಟಾಗಿನಿಂದ ಸಂಜೆ ಪಣಜಿಗೆ ವಾಪಸು ಬರುವ ತನಕ ಮಾತ್ರ. ಬಸ್ಸಿನಿಂದ ಇಳಿದನೋ, ಮತ್ತೆ ಐವತ್ತು ದಾಟಿದ ಬ್ರಹ್ಮಚಾರಿ.

ಬಸ್ಸೆಂದರೆ ಒಂದು ದಿನದ ದರ್ಶನದ ಬಸ್ಸು. ಬೆಳಗ್ಗೆ ಹಳೆ ಗೋವೆಯ ಇಗರ್ಜಿಗಳು, ಮಧ್ಯಾಹ್ನದೊಳಗೆ ಫೋಂಡಾ ಕಡೆಯ ದೇವಸ್ಥಾನಗಳು, ಆಮೇಲೆ ಊಟ, ಸಂಜೆಗೆ ಸಮುದ್ರ. ಇನಾಸ ಅದರ ಗೈಡು. ನನಗೂ ಆ ಬಸ್ಸಿಗೂ ವ್ಯವಹಾರದ ನಂಟು. ಇಗರ್ಜಿಯ ಬಾಗಿಲಲ್ಲಿ ಕೂರುವವರಿಗೆ ಮೇಣ ಕೊಡುವವನು ನಾನು, ದೇವಸ್ಥಾನದ ಬಾಗಿಲಲ್ಲಿ ಕೂರುವವರಿಗೆ ಕರ್ಪೂರ ಕೊಡುವವನೂ ನಾನೇ. ಎರಡೂ ಕಡೆಯ ದೇವರು ಬೆಳಗುತ್ತಿರಲಿ ಎಂಬುದು ನನ್ನ ನಿತ್ಯದ ಪ್ರಾರ್ಥನೆ. ಸೋಮವಾರ ಬಂತೆಂದರೆ ಸರಕನ್ನು ಬಸ್ಸಿಗೆ ಹೇರಿ ಚಾಲಕ ಸೊಯರುವಿನ ಹಿಂದಿನ ಸೀಟು ಹಿಡಿಯುತ್ತಿದ್ದೆ. ಹಾಗಾಗಿ ಇನಾಸನ ಸಂಸಾರ ಬೆಳೆದದ್ದನ್ನು ಮೊದಲಿನಿಂದಲೂ ಕಂಡವನು ನಾನು.

ಅದು ಶುರುವಾದದ್ದು ಪ್ರಯಾಣಿಕರ ದೆಸೆಯಿಂದ. ದೂರದೂರಿಂದ ಬರುವ ಹೆಂಗಸರು ಇಗರ್ಜಿ ಯಾವ ಕಾಲದ್ದು ಎಂದು ಕೇಳುವ ಮೊದಲು ಗೈಡಿಗೆ ಮಕ್ಕಳೆಷ್ಟು ಎಂದು ಕೇಳುತ್ತಾರೆ. ಮದುವೆಯೇ ಆಗಿಲ್ಲ ಎಂದರೆ ಮುಗಿಯಿತು. ಯಾಕೆ ಆಗಿಲ್ಲ, ಏನು ಕೊರತೆ, ನಮ್ಮೂರಲ್ಲಿ ಒಬ್ಬ ವೈದ್ಯ ಇದ್ದಾನೆ... ಇಗರ್ಜಿ ಬರುವ ಹೊತ್ತಿಗೆ ಎಲ್ಲರೂ ಗೈಡನ್ನೇ ನೋಡುತ್ತಿರುತ್ತಾರೆ. ಒಂದು ದಿನ ಬೇಸತ್ತು "ಆಗಿದೆ" ಎಂದುಬಿಟ್ಟ. "ಹೆಸರೇನು?" ಎಂದಳು ಒಬ್ಬಳು. ಬಸ್ಸು ಆಗ ಇಗರ್ಜಿಯ ಮುಂದೆ ತಿರುಗುತ್ತಿತ್ತು. ಕಿಟಕಿಯಲ್ಲಿ ಕಂಡವಳ ಹೆಸರೇ ಬಾಯಿಗೆ ಬಂತು. "ಪಿಯೆದಾದ್."

ಪಿಯೆದಾದ್ ಇಗರ್ಜಿಯ ಎದುರು ಬಣ್ಣಗೆಟ್ಟ ಕೊಡೆಯ ಕೆಳಗೆ ಮೇಣದ ಕೈಕಾಲು ಮಾರುವವಳು. ಕಾಲು ನೋಯುವವರು ಮೇಣದ ಕಾಲು ಕೊಂಡು ಸಂತನಿಗೆ ಒಪ್ಪಿಸುತ್ತಾರೆ. ತಲೆ ನೋಯುವವರು ತಲೆ, ಮಕ್ಕಳಿಲ್ಲದವರು ಕೂಸು, ಬಾಡಿಗೆ ಮನೆಯವರು ಮನೆ. ಮೇಣ ನನ್ನದು, ಅಚ್ಚು ಅವಳ ಅಪ್ಪನ ಕಾಲದ್ದು, ನಾಲಿಗೆ ಮಾತ್ರ ಅವಳ ಸ್ವಂತದ್ದು.

"ಯಾವ ಮೊಣಕಾಲು ನೋವು?"

"ಎಡದ್ದು."

"ಇದು ಬಲದ್ದು. ಸಂತರಿಗೆ ಯಾಕೆ ಗೊಂದಲ? ಎರಡೂ ತಗೊಳ್ಳಿ."

ಅವಳಿಗೂ ಮದುವೆಯಾಗಿರಲಿಲ್ಲ. ಅಪ್ಪನ ಆರೈಕೆಯಲ್ಲಿ ವಯಸ್ಸು ಮೀರಿತು ಎಂದು ಊರಿನವರು ಹೇಳುತ್ತಿದ್ದರು. ಒಪ್ಪುವಂಥವನು ಸಿಗಲಿಲ್ಲ ಎಂದು ಅವಳು ಹೇಳುತ್ತಿದ್ದಳು. ನಾನು ಅವಳ ಮಾತನ್ನು ನಂಬಿದವನು. ಮೇಣದ ಚೌಕಾಸಿಯಲ್ಲಿ ಅವಳ ಎದುರು ನಿಂತು ಗೊತ್ತಿತ್ತು.

ಇನಾಸನ ಸುಳ್ಳುಗಳು ಯಾರ ಹೊಟ್ಟೆಗೂ ಹೊಡೆಯುವಂಥವಲ್ಲ. ಇಗರ್ಜಿಯ ಚಿನ್ನದ ಪೀಠದ ಮುಂದೆ ನಿಂತು, "ಇನ್ನೊಂದು ಹಡಗು ಮುಳುಗದೆ ಇದ್ದಿದ್ರೆ ಇಗರ್ಜಿಯ ಮಾಡೂ ಚಿನ್ನದ್ದೇ ಆಗ್ತಿತ್ತು" ಎನ್ನುವನು. ಯಾವ ಹಡಗು ಮಾರಾಯ ಎಂದು ಒಮ್ಮೆ ಕೇಳಿದೆ. "ಮುಳುಗಿದ ಮೇಲೆ ಹೆಸರು ಯಾಕೆ ಬೇಕು, ಪಾತ್ರಾಂವ್?" ಎಂದ. ಪಾತ್ರಾಂವ್ ಎಂದರೆ ಧಣಿ; ನನ್ನನ್ನು ಅವನು ಕರೆಯುವುದೇ ಹಾಗೆ. ದೇವಸ್ಥಾನದ ದೀಪಸ್ತಂಭವನ್ನು ದೂರದಿಂದ ನೋಡಿದ ಫಿರಂಗಿ ದಂಡು ಅದನ್ನು ಇಗರ್ಜಿಯ ಗೋಪುರ ಎಂದುಕೊಂಡು, ಟೋಪಿ ತೆಗೆದು ನಮಸ್ಕರಿಸಿ ವಾಪಸು ಹೋಯಿತಂತೆ. ಇನ್ನು ಊಟವಾದ ಮೇಲೆ ಮಾವಿನ ಮರದ ಕೆಳಗೆ ಬಸ್ಸು ನಿಲ್ಲಿಸಿ ಅವನೂ ಸೊಯರುವೂ ಎರಡು ತಾಸು ಮಲಗುವರಲ್ಲ, ಅದಕ್ಕೂ ಕಾರಣ ಇತ್ತು: "ಇದು ದೇವರುಗಳು ಮಲಗೋ ಹೊತ್ತು. ಈಗ ಬಸ್ಸು ಓಡಿಸಿದ್ರೆ ಎಂಜಿನ್ನಿಗೆ ದೋಷ." ಸೂರತ್ತಿನ ವ್ಯಾಪಾರಿಗಳು, ಪುಣೆಯ ಮೇಷ್ಟ್ರುಗಳು ಎಲ್ಲರೂ ತಲೆದೂಗಿ ಆಕಳಿಸುತ್ತಿದ್ದರು.

ಇಂಥ ನೆಲದಲ್ಲಿ ಪಿಯೆದಾದ್ ಎಂಬ ಹೆಂಡತಿ ಚಿಗುರದೆ ಇರುತ್ತಾಳೆಯೇ? ಮೊದಲು ಅವಳ ಬಂಗಡೆ ಸಾರು ಬಂತು. ಆಮೇಲೆ ಅವಳ ಹಲ್ಲುನೋವು, ಅವಳ ಬೈಗಳು, ಶನಿವಾರ ರಾತ್ರಿ ಅವನು ತಡವಾಗಿ ಬಂದರೆ ಅವಳು ಚಿಲಕ ಹಾಕುವುದು. ಆಮೇಲೆ ಮಕ್ಕಳು. ದೊಡ್ಡವನು ಬೆಂಜಾಮಿನ್, ಎರಡನೆಯವನು ರೊಸಾರ್. ಹೇಳಿ ಹೇಳಿ, ಒಂದು ಮಳೆಗಾಲದ ಹೊತ್ತಿಗೆ ಅವನಿಗೇ ಅದು ನಿಜವಾಗತೊಡಗಿತು. "ಮನೆಗೆ ಹೋದ್ರೆ ಬಿಕೋ ಅನ್ನತ್ತೆ, ಪಾತ್ರಾಂವ್" ಎಂದ ಒಂದು ದಿನ. "ಮಕ್ಕಳೆಲ್ಲ ಎಲ್ಲಿ ಹೋದ್ರು ಅನ್ಸತ್ತೆ."

"ನಿಜದವಳು ಕೊಡೆ ಕೆಳಗೆ ಕೂತಿದಾಳಲ್ಲೋ. ಹೋಗಿ ಕೇಳು."

ಕೇಳಿದ. ಸಂತನ ಹಬ್ಬದ ಮರುದಿನ, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಕೇಳಿದ. ಅವಳು ಮೇಣದ ಕಿವಿಗಳನ್ನು ಜೋಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಇದನ್ನ ಮೈಕಿನಲ್ಲಿ ಹೇಳಿ ಎಷ್ಟು ಸಲ ಅಭ್ಯಾಸ ಮಾಡಿದೀ?"

"ದೇವರಾಣೆ, ಇದು ಮೈಕಿನ ಮಾತಲ್ಲ."

"ನಿನ್ನ ಮಾತಿನಲ್ಲಿ ಯಾವುದು ಮೈಕಿಂದು, ಯಾವುದು ಬಾಯಿಂದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಈ ಕೊಡೆ ಬಿಟ್ಟು ನಾನು ಎಲ್ಲೂ ಹೋದವಳಲ್ಲ. ಸೋಮವಾರ ನಿನ್ನ ಬಸ್ಸು ಹತ್ತುತ್ತೀನಿ. ದಿನವಿಡೀ ಕೂತು ಕೇಳ್ತೀನಿ. ಆಮೇಲೆ ಹೇಳ್ತೀನಿ."

ಇನಾಸ ಓಡಿ ನನ್ನ ಅಂಗಡಿಗೆ ಬಂದ. "ಪಾತ್ರಾಂವ್, ಒಂದು ದಿನ ನಿಜ ಹೇಳೋಕಾಗತ್ತಾ ನನ್ನ ಕೈಲಿ?"

"ಮೇಣದ ನಾಲಿಗೆ ಒಂದು ಒಪ್ಪಿಸಿ ನೋಡು" ಎಂದೆ. "ಬೇಕಾದ್ರೆ ಅವಳ ಹತ್ರಾನೇ ಸಿಗತ್ತೆ."

ಸೋಮವಾರ ಪಿಯೆದಾದ್ ಬಂದಳು. ನೀಲಿ ಹೂವಿನ ಫ್ರಾಕು, ಕೈಯಲ್ಲಿ ಕಪ್ಪು ಚೀಲ. ಬೇಡವೆಂದರೂ ಕೇಳದೆ ಟಿಕೇಟು ಕೊಂಡು, ಕಿಟಕಿಯ ಪಕ್ಕ, ನನ್ನ ಹಿಂದಿನ ಸೀಟಿನಲ್ಲಿ ಕೂತಳು. ಇನಾಸ ಬೆಳಗ್ಗೆಯಿಂದ ನಿಜ ಹೇಳುತ್ತಿದ್ದ. ಅವನು ನಿಜ ಹೇಳುವುದನ್ನು ಕೇಳುವುದು ಉಪ್ಪಿಲ್ಲದ ಗಂಜಿ ಕುಡಿದ ಹಾಗೆ. "ಇದು ಇಗರ್ಜಿ. ಹಳೇದು. ಒಳಗೆ ಚಿನ್ನದ ಕೆಲಸ ಇದೆ." ಅಷ್ಟೇ. ಬಸ್ಸಿನ ಹಿಂಬದಿಯಿಂದ ಗೊರಕೆ ಎದ್ದಿತು. ಸೋಮವಾರ ಮೀನು ತಿನ್ನದ ಸೊಯರುವಿಗೆ ಹೇಗೂ ಸಿಟ್ಟು, ಕನ್ನಡಿಯಲ್ಲಿ ನನ್ನ ಕಡೆ ನೋಡಿ, "ಇವನಿಗೇನು ಜ್ವರವಾ?" ಎಂದ.

ಹಳೆ ಗೋವೆಯಿಂದ ಬಸ್ಸು ಹೊರಟಾಗ ಪಿಯೆದಾದಳ ಪಕ್ಕಕ್ಕೆ ಒಬ್ಬಳು ದಪ್ಪನೆಯ ಸೂರತ್ತಿನ ಹೆಂಗಸು ಬಂದು ಕೂತಳು. ಜಸುಬೆನ್ ಅಂತ. ಕೆಲವು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ ಬಂದು, ಮೇಣದ ಮೊಣಕಾಲು ಒಪ್ಪಿಸಿ ಹೋಗಿದ್ದಳು. ನೋವು ಬಿಟ್ಟಿತಂತೆ, ಹರಕೆ ತೀರಿಸಲು ಬಂದಿದ್ದಳು. ಕೊಡೆಯಿಲ್ಲದ ಪಿಯೆದಾದಳ ಗುರುತು ಅವಳಿಗೆ ಸಿಗಲಿಲ್ಲ. ಕೂತವಳೇ ಡಬ್ಬಿಯಿಂದ ಥೇಪ್ಲಾ ತೆಗೆದು ಪಿಯೆದಾದಳಿಗೂ ಒಂದು ಕೊಟ್ಟು, ಮುಂದಕ್ಕೆ ಬಗ್ಗಿ ಕೂಗಿದಳು:

"ಗೈಡ್ ಭಾಯ್! ನಮ್ಮ ಪಿಯೆದಾದ್ ಹೇಗಿದಾಳೆ? ಆವತ್ತು ಬಸುರಿ ಅಂದಿದ್ರಲ್ಲ, ಗಂಡಾಯ್ತೋ ಹೆಣ್ಣಾಯ್ತೋ?"

ಇನಾಸನ ಕೈಯಲ್ಲಿದ್ದ ಮೈಕು ಕುಂಯ್ ಎಂದಿತು. ಸೊಯರು ಸುಮ್ಮಸುಮ್ಮನೆ ಬ್ರೇಕು ಒತ್ತಿದ. ನಾನು ಕಿಟಕಿಯ ಹೊರಗಿನ ಗದ್ದೆಯನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ಪಿಯೆದಾದ್ ಥೇಪ್ಲಾ ಅಗಿಯುವುದನ್ನು ನಿಲ್ಲಿಸಲಿಲ್ಲ. "ಯಾರು ಬಾಯ್, ಆ ಪಿಯೆದಾದ್?"

"ಗೈಡ್ ಭಾಯ್ ಹೆಂಡತಿ! ನಿಮಗೆ ಗೊತ್ತಿಲ್ವಾ? ಇಡೀ ಬಸ್ಸಿಗೇ ಗೊತ್ತಿತ್ತು. ಬಾಯಿ ಸ್ವಲ್ಪ ಜೋರಂತೆ, ಆದ್ರೆ ಮನಸ್ಸು ಬೆಣ್ಣೆ."

"ಹೌದಾ. ಬಾಯಿ ಜೋರಂತಾ."

"ರಾತ್ರಿ ತಡ ಮಾಡಿದ್ರೆ ಚಿಲಕ ಹಾಕ್ತಾಳಂತೆ. ಇವರು ಹೊರಗೆ ನಿಂತು ಹಾಡು ಹೇಳಿದ್ರೆ ಮಾತ್ರ ತೆಗೀತಾಳಂತೆ."

"ಯಾವ ಹಾಡು?"

"ಅದು ಹೇಳ್ಲಿಲ್ಲ, ನಾಚ್ಕೊಂಡ್ರು."

"ಮಕ್ಕಳು ಯಾರ ಹಾಗಿವೆಯಂತೆ?"

"ಇಬ್ಬರೂ ತಾಯಿ ಹಾಗೇ ಅಂತೆ."

ಪಿಯೆದಾದ್ ಇನಾಸನ ಮೂಗನ್ನು ಉದ್ದಕ್ಕೂ ನೋಡಿದಳು. "ದೇವರು ದೊಡ್ಡವನು" ಎಂದಳು.

ಅಲ್ಲಿಂದ ದೇವಸ್ಥಾನದವರೆಗೆ ತನ್ನ ಸಂಸಾರದ ಕಥೆಯನ್ನು ಅವಳು ಪೂರ್ತಿ ಕೇಳಿಸಿಕೊಂಡಳು. ಇನಾಸ ಬಸ್ಸಿನ ಬಾಗಿಲಲ್ಲೇ ನೇತಾಡುತ್ತ ನಿಂತಿದ್ದ; ಹಾರುವುದೋ ಬೇಡವೋ ಎಂದು ಯೋಚಿಸುವವನ ಹಾಗೆ.

ಶಾಂತೇರಿಯ ದೇವಸ್ಥಾನದಲ್ಲಿ ಎಲ್ಲರೂ ಇಳಿದರು. ನಾನು ಕರ್ಪೂರದ ಪೆಟ್ಟಿಗೆ ಒಪ್ಪಿಸಿ ಒಳಗೆ ಬಂದರೆ, ಪಿಯೆದಾದ್ ಕಪ್ಪು ಚೀಲದಿಂದ ತೆಂಗಿನಕಾಯಿ, ಬಾಳೆಹಣ್ಣು ತೆಗೆದು ಪುರ್ಸೊ ಭಟ್ಟರ ಮುಂದೆ ಇಟ್ಟಿದ್ದಳು. ನನಗೆ ಆಗ ತಿಳಿಯಿತು. ಶಾಂತೇರಿ ಅವಳ ಮನೆತನದ ಹಳೆಯ ಕುಲದೇವಿ; ಫಿರಂಗಿಗಳ ಕಾಲದಲ್ಲಿ ಹಿರಿಯರು ಇಗರ್ಜಿಗೆ ಸೇರಿದಾಗ ಹೊಳೆ ದಾಟಿ ಈಚೆ ಬಂದವಳು. ಆದರೂ ಆ ಮನೆಯಲ್ಲಿ ಮದುವೆಯ ಮಾತು ಎದ್ದರೆ ಪಾದ್ರಿಗೆ ಹೇಳುವ ಮೊದಲು ಈ ದೇವಿಯನ್ನು ಕೇಳುವುದು ತಪ್ಪಿಲ್ಲ. ಪಾದ್ರಿ ಕೇಳುವುದಿಲ್ಲ, ಭಟ್ಟರು ಹೇಳುವುದಿಲ್ಲ. ಮದುವೆಯ ಯೋಚನೆ ಇಲ್ಲದೆ ಆ ಮನೆಯವರು ಯಾರೂ ಇಲ್ಲಿಗೆ ತೆಂಗಿನಕಾಯಿ ಹೊತ್ತು ತರುವುದಿಲ್ಲ. ಇನಾಸನಿಗೂ ಅದು ಗೊತ್ತು. ಅವನ ಮುಖದಲ್ಲಿ ಬೆಳಗ್ಗೆಯಿಂದ ಇಲ್ಲದ ಬಣ್ಣ ಬಂತು.

ಭಟ್ಟರು ಒದ್ದೆ ಮಾಡಿದ ಹೂವಿನ ಎಸಳುಗಳನ್ನು ದೇವಿಯ ಮೈಗೆ ಎಡಕ್ಕೂ ಬಲಕ್ಕೂ ಅಂಟಿಸಿದರು. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ.

"ಏನು ಕೇಳ್ಲಿ, ಬಾಯ್? ಈ ಮದುವೆ ಆಗ್ಬಹುದಾ ಅಂತಲಾ?"

"ಅಲ್ಲ ಭಟ್ಟರೇ. ಮದುವೆ ಆಗ್ಬೇಕೋ ಬೇಡವೋ ನಾನು ನೋಡ್ಕೋತೀನಿ. ಈ ಮನುಷ್ಯ ಮುಂದೆ ಸುಳ್ಳು ಹೇಳೋದು ಬಿಡ್ತಾನಾ, ಅದನ್ನ ಕೇಳಿ."

ಭಟ್ಟರು ಇನಾಸನನ್ನು ಇಪ್ಪತ್ತು ವರ್ಷದಿಂದ ಬಲ್ಲವರು. "ಇಷ್ಟು ಸುಲಭದ ಪ್ರಶ್ನೆ ದೇವೀನ ಕೇಳ್ಬಾರ್ದು" ಎಂದರು. ಆದರೂ ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ, ದೇವಿಗೆ ಅರಿಕೆ ಮಾಡಿದರು.

ಎಸಳು ಬೀಳಲಿಲ್ಲ. ಊಟದ ಹೊತ್ತಾಯಿತು. ಸೊಯರು ಹೊರಗಿಂದ ಹಾರ್ನು ಹೊಡೆದ. ಬಸ್ಸಿನ ಜನ ಏನೋ ವಿಶೇಷ ಪೂಜೆ ಎಂದುಕೊಂಡು ಸುತ್ತ ಕೂತುಬಿಟ್ಟರು. ಜಸುಬೆನ್ ನನ್ನ ಕಿವಿಯಲ್ಲಿ, "ಆ ಬೆನ್ ಯಾಕೆ ಗೈಡ್ ಭಾಯ್ ವಿಷಯ ಕೇಳ್ತಿದಾಳೆ? ಪಾಪ, ಪಿಯೆದಾದಳಿಗೆ ಗೊತ್ತಾದ್ರೆ?" ಎಂದಳು. ನಾನು ಗಂಭೀರವಾಗಿ ತಲೆ ಅಲ್ಲಾಡಿಸಿದೆ. ಇನಾಸ ಕಣ್ಣು ಮಿಟುಕಿಸದೆ ಬಲದ ಎಸಳನ್ನೇ ನೋಡುತ್ತಿದ್ದ. ಹಿಂದೆಂದೂ ಇಲ್ಲದ ಹಾಗೆ ನಿದ್ದೆಯ ಹೊತ್ತು ಮೀರುತ್ತಿದ್ದರೂ ಅವನಿಗೆ ಎಚ್ಚರವಿತ್ತು.

ಕೊನೆಗೆ ಒಂದು ಎಸಳು ಜಾರಿತು. ಎಡದ್ದು.

"ದೇವಿ ಹೇಳಿಯಾಯ್ತು" ಎಂದರು ಭಟ್ಟರು. "ಬಿಡಲ್ಲ." ಪಿಯೆದಾದ್ ಪ್ರಸಾದ ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತಿ ತನ್ನ ಸೀಟಿನಲ್ಲಿ ಕೂತಳು.

ಊಟ ಮುಗಿಯಿತು. ಬಸ್ಸು ಮಾವಿನ ಮರದ ಕೆಳಗೆ ನಿಂತಿತು. ಸೊಯರು ಸ್ಟಿಯರಿಂಗಿಗೆ ಕಾಲು ಚಾಚಿ ಟವಲು ಮುಖಕ್ಕೆ ಹಾಕಿಕೊಂಡ. ಇನಾಸ ಮಲಗಲಿಲ್ಲ. ಒಂದು ತುತ್ತೂ ತಿಂದಿರಲಿಲ್ಲ. ಎದ್ದು ಮೈಕು ಹಿಡಿದ.

"ಒಂದು ಮಾತು ಹೇಳ್ಬೇಕು" ಎಂದ. "ಆ ಚಿನ್ನದ ಹಡಗು ಮುಳುಗಿದ್ದು ನಾನು ಕಂಡಿಲ್ಲ. ದೀಪಸ್ತಂಭಕ್ಕೆ ಯಾರೂ ಟೋಪಿ ತೆಗೆದಿಲ್ಲ. ಈ ಹೊತ್ತಿಗೆ ದೇವರುಗಳು ಮಲಗ್ತಾರೋ ಇಲ್ವೋ, ನಾನಂತೂ ಮಲಗ್ತೀನಿ. ನಂಗೆ ಹೆಂಡತಿ ಇಲ್ಲ. ಮಕ್ಕಳಿಲ್ಲ. ಎಲ್ಲ ಸುಳ್ಳು."

ಟವಲಿನ ಕೆಳಗಿಂದ ಸೊಯರು, "ಸಾಯ್ಬಾ! ದೇವರೇ!" ಎಂದ. ಇಡೀ ಬಸ್ಸು ಒಟ್ಟಿಗೆ ಬಾಯಿ ಬಿಟ್ಟಿತು. ಜಸುಬೆನ್ ಕಣ್ಣಲ್ಲಿ ನೀರು. "ಬೆಂಜಾಮಿನ್ ಇಲ್ವಾ? ಕೂಸಿಗೆ ಅಂತ ಸೂರತ್ತಿಂದ ಅಂಗಿ ತಂದಿದೀನಲ್ಲ!" ಎಂದು ಚೀಲದಿಂದ ಒಂದು ಪುಟ್ಟ ಹಳದಿ ಅಂಗಿ ತೆಗೆದಳು. ಅದನ್ನು ನೋಡಿ ಇನಾಸ ಮೈಕು ಕೆಳಗಿಟ್ಟುಬಿಟ್ಟ. ಪುಣೆಯವನೊಬ್ಬ ಮಾಲೀಕನಿಗೆ ದೂರು ಕೊಡುತ್ತೇನೆ ಎಂದು ಎದ್ದ.

ಆಗ ನನ್ನ ಹಿಂದಿನಿಂದ ದನಿ ಬಂತು. ಮೈಕು ಬೇಡದ ದನಿ.

"ಕೂತ್ಕೊಳ್ಳಿ ಎಲ್ಲರೂ. ಈ ಮನುಷ್ಯ ಸುಳ್ಳು ಬಿಡಲ್ಲ ಅಂತ ದೇವೀನೇ ಹೇಳಿದಾಳೆ, ನೀವೇ ಕೇಳಿದೀರಿ. ಹಾಗಾದ್ರೆ ಈಗ ಹೇಳಿದ್ದೂ ಸುಳ್ಳೇ ಅಲ್ವಾ? ಹೆಂಡತಿ ಇದಾಳೆ. ನಾನೇ ಪಿಯೆದಾದ್."

ಅಷ್ಟು ಹೇಳಿ ಜಸುಬೆನ್ ಕೈಯಿಂದ ಅಂಗಿ ತೆಗೆದುಕೊಂಡು, ಹಿಡಿದು ನೋಡಿ, "ಹೆಣ್ಣು. ಈಗ ಇದು ಚಿಕ್ಕದಾಗತ್ತೆ, ಇರ್ಲಿ" ಎಂದು ಚೀಲಕ್ಕೆ ಹಾಕಿಕೊಂಡಳು.

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಎಂದು ಜಸುಬೆನ್ ಅವಳ ಭುಜಕ್ಕೆ ಹೊಡೆದಳು.

"ಬೆನ್ನ ಹಿಂದೆ ಏನೇನು ಹೇಳಿದಾನೆ ಅಂತ ತಿಳ್ಕೋಬೇಕಿತ್ತು, ಬಾಯ್."

ಹೆಂಗಸರೆಲ್ಲ ಹೋ ಎಂದು ನಕ್ಕರು. ಪುಣೆಯವನು ಕೂತ. ಇನಾಸ ಬಾಗಿಲ ಹತ್ತಿರದ ಕಂಬ ಹಿಡಿದುಕೊಂಡು ಬಂಗಡೆಯ ಹಾಗೆ ಬಾಯಿ ತೆರೆದು ನಿಂತಿದ್ದ.

"ಏನು ನೋಡ್ತೀ?" ಎಂದಳು ಪಿಯೆದಾದ್. "ಮಲಗೋ ಹೊತ್ತು. ಮಲಗು. ಆಮೇಲೆ ಆ ಹಡಗಿನ ಕಥೆ ಸರಿಯಾಗಿ ಹೇಳು, ಬೆಳಗ್ಗೆ ಜನ ಗೊರಕೆ ಹೊಡೀತಿದ್ರು."

ಮಳೆ ಶುರುವಾಗುವ ಮೊದಲೇ ಮದುವೆಯಾಯಿತು. ಮೇಣದಬತ್ತಿ ನನ್ನದೇ, ಮದುವಣಗಿತ್ತಿ ತಾನೇ ಬಂದು ಚೌಕಾಸಿ ಮಾಡಿ ಒಯ್ದಳು. ದೇವಿಯ ಮಾತು ಈ ತನಕ ಸುಳ್ಳಾಗಿಲ್ಲ. ಈಗಲೂ ಸೋಮವಾರ ನಾನು ಅದೇ ಸೀಟಿನಲ್ಲಿ ಕೂರುತ್ತೇನೆ, ಹಡಗು ಅದೇ ಜಾಗದಲ್ಲಿ ಮುಳುಗುತ್ತದೆ, ಬಸ್ಸಿನಲ್ಲಿ ಮಕ್ಕಳು ಈಗ ಐವರು. ಅದರ ಬಗ್ಗೆ ಪಿಯೆದಾದಳದು ಒಂದೇ ತಕರಾರು. ಕೊಡೆಯ ಕೆಳಗಿಂದ ಅವಳು ನನಗೆ ಹೇಳಿದ್ದು: "ಹುಟ್ಟಿಸ್ಲಿ ಬಾಬ್, ಎಷ್ಟು ಬೇಕಾದ್ರೂ ಹುಟ್ಟಿಸ್ಲಿ. ಹೆಸರು ಇಡೋವಾಗ ನನ್ನ ಒಂದು ಮಾತು ಕೇಳ್ಬೇಡ್ವಾ?"