ಚಿಗರಿ ನೋಡಲು ಹೋದದ್ದು

ಅವ್ವನ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನರವೂ ಒಣಗುತ್ತಿದೆ, ಇನ್ನು ಆರೇಳು ತಿಂಗಳು ಅಂದುಕೊಳ್ಳಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಬಾಗಿಲು ತೆರೆದೇ ಇದ್ದುದರಿಂದ ಅವ್ವನಿಗೂ ಅದು ಕೇಳಿಸಿತು. ರಬಕವಿಗೆ ಮರಳುವ ಬಸ್ಸಿನಲ್ಲಿ ಆಕೆ ಅಳಲಿಲ್ಲ. ಮುಧೋಳ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದಾಗ, "ತಮ್ಮಾ, ಕಣ್ಣ ಪೂರಾ ಹೋಗೂದರೊಳಗ ಒಮ್ಮಿ ಚಿಗರಿ ನೋಡಬೇಕಲ್ಲೋ" ಎಂದಳು.

ಕಾಶಿ ಅಲ್ಲ, ಶ್ರೀಶೈಲ ಅಲ್ಲ, ಚಿಗರಿ. ನನಗೆ ನಗು ಬಂದದ್ದು ಸುಳ್ಳಲ್ಲ. ಅವ್ವನ ತವರು ಬೀಳಗಿ ಕಡೆಯ ಒಂದು ಹಳ್ಳಿ, ಕುರುಚಲು ಕಾಡಿನ ಮಗ್ಗುಲಲ್ಲಿದೆ. ಆ ಕಾಡಿನಲ್ಲಿ ಸಣ್ಣ ಜಾತಿಯ ಕಂದು ಜಿಂಕೆಗಳಿವೆ, ಅವಕ್ಕೇ ನಮ್ಮವರು ಚಿಗರಿ ಎನ್ನುತ್ತಾರೆ. ಹದಿನಾರಕ್ಕೆ ಮದುವೆಯಾಗಿ ರಬಕವಿಯ ನೇಕಾರರ ಮನೆ ಸೇರಿದವಳು ಐವತ್ತು ವರ್ಷ ಮಗ್ಗದ ಪಕ್ಕದಲ್ಲಿ ಕೂತು ನೂಲಿನ ಕಂಡಿಕೆ ಸುತ್ತಿದಳು. ತವರಿಗೆ ಹೋದರೂ ಹಬ್ಬದ ಅಡಿಗೆ, ಮದುವೆಯ ಗದ್ದಲ. ಹೊಲದ ತನಕ ಹೋದದ್ದೇ ಕಡಿಮೆ.

"ತವರಾಗ ನಿಮ್ಮ ಮಾವನ ಮನ್ಯಾಗ ಎರಡ ದಿನಾ ಇದ್ದ ಬಂದ್ರಾತು" ಎಂದಳು. ನಾನು ಒಪ್ಪಲಿಲ್ಲ. ಜಮಖಂಡಿಯ ಕಚೇರಿಯಲ್ಲಿ ಕುರ್ಚಿ ಸಿಕ್ಕ ಮೇಲೆ ನನಗೆ ಮಲಗಿದರೆ ಮಾವನ ಮನೆಯ ಹಗ್ಗದ ಹೊರಸು ಚುಚ್ಚುತ್ತಿತ್ತು. ಅದೂ ಅಲ್ಲದೆ ಕಾಡಿನ ಆ ಬದಿಗೆ ಹೊಸದೊಂದು ಪರಿಸರಸ್ನೇಹಿ ರೆಸಾರ್ಟು ಆಗಿತ್ತು. ಅದರ ಜಾಹೀರಾತಿನಲ್ಲಿ ಚಿಗರಿಯೊಂದು ನನ್ನನ್ನೇ ನೋಡುವಂತೆ ನಿಂತಿತ್ತು. ಎರಡು ಸಲ ಸಫಾರಿ, ಒಂದು ರಾತ್ರಿ ವಾಸ, ನನ್ನ ಅರ್ಧ ತಿಂಗಳ ಪಗಾರ. ಇಷ್ಟು ರೊಕ್ಕ ತೆಗೆದುಕೊಂಡವರು ಚಿಗರಿ ತೋರಿಸದೆ ಇರುತ್ತಾರೆಯೇ ಎಂಬುದು ನನ್ನ ತರ್ಕವಾಗಿತ್ತು.

ಕಾರು ಮಾಡಿಕೊಂಡು ಹೊರಟೆವು. ತವರೂರಿನ ತಿರುವು ಬಂದಾಗ ಅವ್ವ, "ಒಂದ ಗಳಿಗಿ ಹೊಳ್ಳಸೋ. ತವರ ದಾಟಿ ಹೋಗಬಾರದು" ಎಂದಳು. ನಮ್ಮಲ್ಲಿ ಹೆಣ್ಣುಮಗಳು ತವರಿನ ದಾರಿಯಲ್ಲಿ ಬಂದು ಉಡಿ ತುಂಬಿಸಿಕೊಳ್ಳದೆ ಮುಂದೆ ಹೋಗುವ ಪದ್ಧತಿಯಿಲ್ಲ. "ಹನ್ನೆರಡಕ್ಕ ರೂಮಿನ್ಯಾಗ ಇರಬೇಕವ್ವಾ, ನಾಳಿ ಬರೂಮುಂದ ಹೋಗೂಣು" ಎಂದು ನಾನು ಗಾಡಿ ನಿಲ್ಲಿಸಗೊಡಲಿಲ್ಲ. ಅವ್ವ ಕಾಣುವ ಒಂದು ಕಣ್ಣಿನಿಂದ ತಿರುವನ್ನು ಅದು ಮರೆಯಾಗುವ ತನಕ ನೋಡಿದಳು.

ರೆಸಾರ್ಟಿನ ಗುಡಿಸಲು ಸಿಮೆಂಟಿನದು, ಮೇಲೆ ಮಣ್ಣಿನ ಬಣ್ಣ ಬಳಿದಿದ್ದರು. ಪರಿಸರಕ್ಕಾಗಿ ಹಗಲು ಫ್ಯಾನು ಇಲ್ಲ ಎಂದರು. ನಳದಲ್ಲಿ ನೀರೂ ಇರಲಿಲ್ಲ, ಅದೂ ಪರಿಸರಕ್ಕಾಗಿಯೇ ಇರಬೇಕು. ನಾವು ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ಗೇಟಿನಲ್ಲೇ ಇಡಿಸಿಕೊಂಡು, ಊಟಕ್ಕೆ ಅಂಗೈಯಷ್ಟೂ ಅಗಲವಿಲ್ಲದ ಎರಡು ಜೋಳದ ರೊಟ್ಟಿ ಕೊಟ್ಟರು. "ಇದೇನೋ ಇದು, ಕೂಸಿನ ರೊಟ್ಟಿ" ಎಂದಳು ಅವ್ವ. ಊಟದ ಕೋಣೆಯ ಹೊರಗೆ ಮುಧೋಳ ನಾಯಿಯೊಂದನ್ನು ಫೋಟೋಕ್ಕೆಂದು ಸರಪಳಿಯಲ್ಲಿ ಕಟ್ಟಿದ್ದರು. ಓಡಲು ಹುಟ್ಟಿದ ಪ್ರಾಣಿ, ಕಂಬ ಸುತ್ತಿ ಸುತ್ತಿ ಅಲ್ಲಿ ನೆಲ ಗುಂಡಿ ಬಿದ್ದಿತ್ತು.

ಸಂಜೆಯ ಸಫಾರಿಯಲ್ಲಿ ಜೀಪಿನ ತುಂಬ ಜನ. ಅವ್ವ ಕಾಣುವ ಕಣ್ಣು ಕಾಡಿನ ಕಡೆ ಬರುವಂತೆ ಕೂತಳು. ಗೈಡು ಹಿಂದಿಯಲ್ಲಿ ಏನೇನೋ ಹೇಳುತ್ತ ಒಂದು ಕಡೆ ಬೆರಳು ತೋರಿಸಿದ. ಎಲ್ಲರೂ ಎದ್ದು ನಿಂತರು. ಅವ್ವನೂ ನನ್ನ ತೋಳು ಹಿಡಿದು ಎದ್ದಳು. ಅದೊಂದು ಕಂದು ಆಕಳು. ಆಮೇಲೆ ಎರಡು ನವಿಲು ಕಂಡವು, ಅರಣ್ಯ ಇಲಾಖೆಯ ಬೋರ್ಡಿನಲ್ಲಿ ಒಂದು ಚಿಗರಿಯ ಚಿತ್ರ ಕಂಡಿತು. ಜೀಪು ಒದರುವ ಸದ್ದಿಗೆ ಅರ್ಧ ಹರದಾರಿಯಲ್ಲಿದ್ದ ಪ್ರಾಣಿಯೂ ಎದ್ದು ಹೋಗಿರಬೇಕು.

"ಬೆಳಗ್ಗೆ ಖಂಡಿತ ಕಾಣುತ್ತೆ ಸರ್" ಎಂದಿದ್ದ ಮ್ಯಾನೇಜರು. ಬೆಳಗ್ಗೆ ಆರಕ್ಕೇ ಅವ್ವ ಸೆರಗು ಹೊದ್ದು ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ಏಳಾಯಿತು, ಎಂಟಾಯಿತು. ಜೀಪು ಕೆಟ್ಟಿದೆ ಎಂದರು. ನೋಡಿದರೆ ಅದೇ ಜೀಪಿನ ಮೇಲೆ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಯೊಂದು ಕೂಲಿಂಗ್ ಗ್ಲಾಸು ಹಾಕಿ ಕೂತಿತ್ತು! ನನ್ನ ಸಿಟ್ಟು ನೆತ್ತಿಗೇರಿತು. ಮ್ಯಾನೇಜರನ ಅಂಗಿಗೆ ಕೈ ಹಾಕುವುದೊಂದು ಬಾಕಿ ಇತ್ತು.

"ಬಿಡೋ ತಮ್ಮಾ, ನನ್ನ ಪಾಪಕ್ಕ ಅವರೇನ ಮಾಡ್ಯಾರು" ಎಂದಳು ಅವ್ವ.

ಯಾವ ಪಾಪ ಎಂದು ಕೇಳಿದೆ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು. "ಹನ್ನೆರಡ ವರ್ಷದಾಕಿ ಇದ್ನಿ. ಕಡ್ಲಿ ಹೊಲಾ ಕಾಯಾಕತ್ತಿದ್ನಿ. ಚಿಗರಿ ಬಂದ್ವಂತ ಕವಣಿ ಬೀಸಿದೆ. ಹೆದರಸಾಕ ಬೀಸಿದ್ದೋ, ಖರೇನ ಹೇಳತೇನಿ. ಕಲ್ಲ ಹೋಗಿ ಮರೀ ಕಣ್ಣಿಗೆ ಬಡೀತು. ಉಳದಾವೆಲ್ಲಾ ಓಡಿದ್ವು, ಅದರ ತಾಯಿ ಓಡಲಿಲ್ಲ. ನಿಂತ ನನ್ನ ನೋಡ್ತು. ಅದಕ್ಕ ಒಮ್ಮಿ ಮಾರಿ ಕೊಟ್ಟ ನಿಂತು, ತಪ್ಪಾತು ಅನಬೇಕಾಗಿತ್ತು."

"ಕವಣಿಗೂ ಕಣ್ಣಿನ ನರಕ್ಕೂ ಏನ ಸಂಬಂಧವ್ವಾ?"

"ನರದ್ದು ನಿಮ್ಮ ಡಾಕ್ಟರಗ ಗೊತ್ತು. ನಂದು ನನಗ ಗೊತ್ತೈತಿ."

ಅಂದು ಬಸ್ಸಿನಲ್ಲಿ ನಾನು ನಕ್ಕಿದ್ದು ಇದಕ್ಕೆ ಎಂದು ಗೊತ್ತಾಗಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ವಾಪಸು ಬರುವಾಗ ತವರಿಗೆ ಹೋದೆವು. ಮಾವ ಅವ್ವನ ತಮ್ಮ, ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದ. ಅತ್ತೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ರೆಸಾರ್ಟಿನ ಕಥೆ ಕೇಳಿ ಕುಂಕುಮದ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಳು.

"ಚಿಗರಿ ನೋಡಾಕ ಅಲ್ಲಿಗೆ ಹೋಗಿದ್ರಿ? ಯಕ್ಕಾ, ಇವತ್ತ ಮುಂಜಾನಿನೂ ನಮ್ಮ ಕಡ್ಲಿ ಹೊಲಕ್ಕ ಬಂದಿದ್ವಲ್ಲ, ಐದ! ದಿನಾ ಬರತಾವ. ನಿನ್ನಿ ಇಲ್ಲೇ ಇದ್ದಿದ್ರ…" ಎಂದವಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ನಾನು.

"ಇವತ್ತ ಇರ್ರಿ, ನಾಳಿ ನಸುಕಿನ್ಯಾಗ ನಾನ ಕರ್ಕೊಂಡ ಹೋಗ್ತೇನಿ" ಎಂದ ಮಾವ. ಅವ್ವ ನನ್ನ ಕಡೆ ತಿರುಗಿದಳು. ನನಗೆ ಮರುದಿನ ಕಚೇರಿಗೆ ಮೇಲಿನವರು ಬರುವವರಿದ್ದರು. ಮುಂದಿನ ವಾರ ಬರೋಣ ಎಂದೆ. ಅವ್ವನನ್ನು ಅಲ್ಲೇ ಬಿಟ್ಟು ನಾನೊಬ್ಬನೇ ಮರಳಬಹುದಿತ್ತು, ಅದು ಹೊಳೆಯಲೇ ಇಲ್ಲ. ಕಣ್ಣಿಗೆ ಹಾಕುವ ಔಷಧಿ ನಾನೇ ಹಾಕಬೇಕು, ನಾನಿಲ್ಲದೆ ಆಕೆಗೆ ಆಗುವುದಿಲ್ಲ ಎಂಬ ಜಂಬ. "ಕಡ್ಲಿ ಕೀಳೂದರೊಳಗ ಬಾ ಅಳ್ಯಾ, ಆಮ್ಯಾಲ ಅವು ಈ ಕಡೆ ಹಾಯೂದಿಲ್ಲ" ಎಂದು ಮಾವ ಕಾರಿನ ತನಕ ಬಂದು ಹೇಳಿದ.

ಆ ವಾರ ರಜೆ ಸಿಗಲಿಲ್ಲ. ಅದರ ಮುಂದಿನ ವಾರ ಮಗಳಿಗೆ ಜ್ವರ. ಆಮೇಲೆ ಮಾವ ಫೋನು ಮಾಡಿ ಕಡಲೆ ಕಿತ್ತಾಯಿತು ಎಂದ. ಅವ್ವ ಬಾಯಿಬಿಟ್ಟು ಮತ್ತೆ ಕೇಳಲಿಲ್ಲ. ಕೇಳಿದ್ದರೆ ನಾನು ಬೈಯಬಹುದಿತ್ತು, ಜಗಳವಾದರೂ ಆಗುತ್ತಿತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಆಕೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು.

ಮರುವರ್ಷ ಕಡಲೆ ಹೂ ಬಿಟ್ಟಾಗ ಕರೆದುಕೊಂಡು ಹೋದೆ. ಮೂರು ದಿನ ಮಾವನ ಮನೆಯಲ್ಲೇ ಉಳಿದೆವು. ಎರಡನೆಯ ಮುಂಜಾನೆ ಬದುವಿನ ಜಾಲಿಯ ಮರೆಯಲ್ಲಿ ನಿಂತಿದ್ದಾಗ ಅವು ಬಂದವು. ನಾಲ್ಕು. ಒಂದರ ಜೊತೆ ಮರಿಯೂ ಇತ್ತು. ಅಷ್ಟು ಹತ್ತಿರದಿಂದ ನಾನೂ ಎಂದೂ ನೋಡಿರಲಿಲ್ಲ, ಕಿವಿ ಅಲುಗುವುದೂ ಕಾಣುತ್ತಿತ್ತು.

"ಬಂದಾವವ್ವಾ" ಎಂದು ಪಿಸುಗುಟ್ಟಿದೆ.

"ಯಾವ ಕಡೆ?"

"ಎಡಕ್ಕ."

ಅವ್ವ ಎಡಕ್ಕೆ ತಿರುಗಿದಳು, ಆದರೆ ಹೆಚ್ಚು ತಿರುಗಿಬಿಟ್ಟಳು. ಆಕೆಯ ಮುಂದೆ ಈಗ ಬರೀ ಕರೆಂಟಿನ ಕಂಬವಿತ್ತು. ಅದಕ್ಕೆ ಮುಖ ಕೊಟ್ಟು ಎರಡೂ ಕೈ ಜೋಡಿಸಿದಳು. ಭುಜ ಹಿಡಿದು ತಿರುಗಿಸೋಣ ಎಂದುಕೊಂಡೆ. ನಾನು ಅಲುಗಿದರೆ ಅವು ಓಡಿಹೋಗುತ್ತವೆ ಎಂದು ಕೈ ಏಳಲಿಲ್ಲ.

"ತಪ್ಪಾತು ನನ್ನವ್ವಾ" ಎಂದಳು ಕಂಬಕ್ಕೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ನೋಡ್ತೇನೋ ತಮ್ಮಾ ಅದು?" ಎಂದು ಕೇಳಿದಳು.

"ನೋಡ್ತವ್ವಾ" ಎಂದೆ. ಅವು ಒಂದೂ ತಲೆ ಎತ್ತದೆ ಕಡಲೆ ಮೇಯುತ್ತಿದ್ದವು.