ಏರಿನಲ್ಲಿ ನಿಲ್ಲದ ಗಾಡಿ

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಂದು ಏರಿದೆ. ಈಗಿನ ಕಾರುಗಳಲ್ಲಿ ಹೋಗುವವರಿಗೆ ಅದು ಏರು ಅಂತಲೂ ಗೊತ್ತಾಗುವುದಿಲ್ಲ. ನಮ್ಮ ಹಳೆಯ ಡೀಸೆಲ್ ಪಿಕಪ್ಪಿಗೆ ಮಾತ್ರ ಅದು ಬೆಟ್ಟವೇ. ತೆಂಗಿನಕಾಯಿ ಮೂಟೆ ತುಂಬಿಕೊಂಡು ಬುಡಕ್ಕೆ ಬಂದರೆ ಮೊದಲು ಎಂಜಿನ್ನಿನ ಸದ್ದು ಏರುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಗಾಡಿ. ಅಪ್ಪ ಗೇರು ಇಳಿಸಿ, ತಾನೂ ಒಂದಿಷ್ಟು ತಳ್ಳುವವನ ಹಾಗೆ ಮುಂದಕ್ಕೆ ಬಾಗಿ ಕೂರುತ್ತಿದ್ದ. ಪಕ್ಕದಲ್ಲಿ ಕೂತ ನಾನೂ ಬಾಗುತ್ತಿದ್ದೆ. ನಡುವೆ ನಿಂತರೆ ಮುಗಿಯಿತು, ಮತ್ತೆ ಹೊರಡುವ ಮಾತೇ ಇಲ್ಲ. ಬುಡದವರೆಗೂ ಹಿಂದಕ್ಕೆ ಬಿಟ್ಟುಕೊಂಡು ಬಂದು ಮೊದಲಿನಿಂದ ಹತ್ತಬೇಕಾಗುತ್ತಿತ್ತು.

ಆ ಏರಿನ ನಡುವೆ, ರಸ್ತೆಗೆ ಅಂಟಿಕೊಂಡಂತೆ ಅತ್ತೆಯ ಮನೆ. ಅತ್ತೆ ಅಂದರೆ ಅಪ್ಪನ ಒಬ್ಬಳೇ ಅಕ್ಕ, ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಅವರು ಆ ಮನೆ ಕಟ್ಟಿ ಗೃಹಪ್ರವೇಶ ಮಾಡಿದರು. ಊಟದ ಹೊತ್ತಿಗೆ ಅತ್ತೆಯ ಗಂಡ, ನಮ್ಮ ಮಾವ, ನೆಂಟರನ್ನೆಲ್ಲ ಒಬ್ಬೊಬ್ಬರನ್ನೇ ಕೈಹಿಡಿದು ಎಬ್ಬಿಸಿ ಪಂಕ್ತಿಗೆ ಕರೆದರು. ಅಪ್ಪನನ್ನು ಕರೆಯಲಿಲ್ಲ. ಮನೆಯವನೇ ತಾನೆ, ತಾನಾಗಿ ಬಂದು ಕೂರುತ್ತಾನೆ ಅನ್ನುವುದು ಮಾವನ ವಾದ. ಹೆಣ್ಣು ಕೊಟ್ಟ ಮನೆಯವನನ್ನು ಕರೆಯದಿದ್ದರೆ ಮುಖಕ್ಕೆ ಹೊಡೆದ ಹಾಗೆ ಅನ್ನುವುದು ಅಪ್ಪನ ವಾದ. ಅಪ್ಪ ಎಲೆಯ ಮುಂದೆ ಕೂರದೆ ಚಪ್ಪಲಿ ಮೆಟ್ಟಿಕೊಂಡ.

"ಇನ್ನು ಈ ಮನೆ ಮುಂದೆ ನನ್ ಗಾಡಿ ನಿಲ್ಲಾಕಿಲ್ಲ" ಅಂದ.

"ನಿಲ್ಲಿಸ್ಬೇಡ ಹೋಗು" ಅಂದರು ಮಾವ.

ಇಷ್ಟೇ ಜಗಳ. ಇಷ್ಟಕ್ಕೇ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಯಿತು. ನಮ್ಮ ವಂಶದಲ್ಲಿ ಸಿಟ್ಟೂ ಆಸ್ತಿಯ ಹಾಗೆ ಪಾಲಾಗಿ ಬರುತ್ತದೆ, ನನ್ನ ಪಾಲು ನನಗೆ ಸರಿಯಾಗಿಯೇ ಸಿಕ್ಕಿದೆ.

ಆದರೆ ಹಳೇಬೀಡು, ಹಗರೆ, ಬೇಲೂರಿನ ಅಂಗಡಿ ಹೋಟೆಲುಗಳಿಗೆ ವಾರವಾರ ಕಾಯಿ ಹಾಕುವುದು ಅಪ್ಪನ ವ್ಯಾಪಾರ. ಆ ಏರು ಹತ್ತದೆ ವಿಧಿಯಿಲ್ಲ. ಜಗಳವಾದ ಮುಂದಿನ ವಾರ ಗಾಡಿ ಏದುಸಿರು ಬಿಡುತ್ತ ಮನೆಯ ಎದುರಿಗೆ ಬಂದಾಗ ಅತ್ತೆ ಗೇಟು ತೆಗೆದು ಹೊರಗೆ ಬಂದಳು. ಅಪ್ಪ ಬ್ರೇಕು ಮುಟ್ಟಲಿಲ್ಲ, ಆಡಿದ ಮಾತು ಇತ್ತಲ್ಲ. ಅತ್ತೆ ಕಿಟಕಿಯ ಮೇಲೆ ಕೈಯಿಟ್ಟು ಗಾಡಿಯ ಜೊತೆಗೇ ನಡೆಯತೊಡಗಿದಳು. ನಡೆಯುವವರು ಜೊತೆಗೆ ಬರುವಷ್ಟು ನಿಧಾನ ಆ ಗಾಡಿ. ಏರು ಮುಗಿಯುವವರೆಗೂ ಇಬ್ಬರೂ ಮಾತಾಡಿದರು. ಗಾಡಿ ನಿಲ್ಲಲಿಲ್ಲ, ಅಪ್ಪನ ಮಾತೂ ಮುರಿಯಲಿಲ್ಲ.

ಅದೇ ರೂಢಿಯಾಯಿತು. ಅಕ್ಕ ತಮ್ಮ ಕಲೆಯುತ್ತಿದ್ದದ್ದು ಆ ಏರಿನಲ್ಲಿ ಮಾತ್ರ. ಮಾವ ಜಗಲಿಯಲ್ಲಿ ಪೇಪರು ಅಗಲಿಸಿಕೊಂಡು, ಬೆನ್ನು ನಮ್ಮ ಕಡೆಗೆ ಬರುವಂತೆ ಕೂತಿರುತ್ತಿದ್ದರು. ಅತ್ತೆ ಕಿಟಕಿಯಿಂದ ನನ್ನ ಮಡಿಲಿಗೆ ಅವರೆಕಾಯಿ, ಎಲೆಯಲ್ಲಿ ಸುತ್ತಿದ ಬೆಣ್ಣೆ, ಎಳ್ಳುಂಡೆ ಹಾಕುತ್ತಿದ್ದಳು. ಅಜ್ಜಿಯ ಕಾಲುನೋವು, ಹಸು ಈದದ್ದು, ಯಾರ ಮನೆಯ ಸೊಸೆ ತವರಿಗೆ ಹೋದದ್ದು, ಎಲ್ಲ ಆ ಏರಿನ ಉದ್ದಕ್ಕೆ ಹಿಡಿಸಬೇಕು. ಮೇಲೆ ತಲುಪುತ್ತಲೇ ಗಾಡಿಗೆ ಜೀವ ಬಂದು ಮಾತು ಅರ್ಧಕ್ಕೆ ಕಡಿಯುತ್ತಿತ್ತು. ಮುಂದಿನ ವಾರ ಅತ್ತೆ ಪೀಠಿಕೆಯೇ ಇಲ್ಲದೆ, "ಆಮೇಲೆ ಅವ್ಳು ಏನಂದ್ಲು ಗೊತ್ತೇನೋ" ಅಂತ ಬಿಟ್ಟಲ್ಲಿಂದ ಶುರು ಮಾಡುವಳು. ನನ್ನ ಮದುವೆಯ ಮಾತು ಎದ್ದದ್ದೂ ಅಲ್ಲೇ. ಹುಲಿಕೆರೆ ಕಡೆಯ ಒಬ್ಬ ಹುಡುಗನ ಗುಣ, ಓದು, ಮನೆತನವನ್ನು ಅತ್ತೆ ಏದುಸಿರು ಬಿಡುತ್ತ ಒಂದೇ ಏರಿನಲ್ಲಿ ಹೇಳಿ ಮುಗಿಸಿದ್ದಳು. ಅವನ ಬೋಳುತಲೆಯ ವಿಷಯ ಮಾತ್ರ ಮುಂದಿನ ವಾರಕ್ಕೆ ಉಳಿಯಿತು. ಅಷ್ಟರಲ್ಲಿ ಅಪ್ಪ ಒಪ್ಪಿಯಾಗಿತ್ತು.

ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿಬರುತ್ತದೆ. ಡೀಸೆಲ್ ವಾಸನೆ, ಹಸಿ ಕಾಯಿಸಿಪ್ಪೆಯ ವಾಸನೆ, ಕಿಟಕಿಯ ಮೇಲೆ ಅತ್ತೆಯ ಹಸಿರು ಬಳೆಯ ಕೈ. ಅಷ್ಟು ನಿಧಾನವಾಗಿ ನಾನು ಆಮೇಲೆ ಎಲ್ಲಿಗೂ ಹೋಗಿಲ್ಲ.

ಮದುವೆಯಾಗಿ ಅರಸೀಕೆರೆಗೆ ಬಂದೆ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಪ್ಪನಿಗೆ ವಯಸ್ಸಾದರೂ ಸ್ಟೀರಿಂಗ್ ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ರಜೆಯಲ್ಲಿ ಮತ್ತೆ ಅವನ ಪಕ್ಕದಲ್ಲಿ ಕೂತು ಬೇಲೂರಿಗೆ ಹೊರಟೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಅಪ್ಪ ಈಗ ಮೊದಲನೇ ಗೇರಿನಲ್ಲಿ ಹತ್ತಿಸುತ್ತಿದ್ದ. ಅತ್ತೆಗೆ ಮಂಡಿನೋವು, ಹಳೆಯ ವೇಗಕ್ಕೂ ನಡೆಯಲು ಆಗುತ್ತಿರಲಿಲ್ಲ. ಹಿಂದೆ ಒಂದು ಬಸ್ಸು, ಅದರ ಹಿಂದೆ ಕಾರುಗಳು ಸಾಲುಗಟ್ಟಿ ಹಾರನ್ ಹೊಡೆದವು. ಕಾರಿನ ಒಬ್ಬ ನಮ್ಮನ್ನು ದಾಟುವಾಗ, "ಏನ್ ತಾತಾ, ಎತ್ತು ಕಟ್ಕೊಳ್ಳೋದಲ್ವಾ" ಅಂದ. ಅಪ್ಪನ ಕಿವಿ ಕೆಂಪಾಯಿತು. ನನಗೆ ಪಿತ್ತ ನೆತ್ತಿಗೇರಿತು.

ಆ ದಿನವೇ ಹೇಳಿದೆ, "ಅಪ್ಪ, ಈ ಗಾಡೀನ ರೆಡಿ ಮಾಡಿಸ್ತೀನಿ. ಇನ್ಮೇಲೆ ಯಾರೂ ನಿನ್ನ ಅನ್ನಬಾರದು."

"ಅದ್ಕೇನಾಗೈತೆ, ಚೆನ್ನಾಗೇ ಐತೆ" ಅಂದ.

"ಏನು ಚೆನ್ನಾಗೈತೆ? ಇರುವೆ ಮುಂದೆ ಹೋಗ್ತೈತೆ."

"ಹೋಗ್ಲಿ ಬಿಡು. ಇರುವೆಗೇನ್ ಅರ್ಜೆಂಟೋ."

ಹಬ್ಬಕ್ಕೆ ಬಂದಾಗಲೆಲ್ಲ ನಾನು ಅದನ್ನೇ ಕೊರೆದೆ. ಬೇಡ ಅನ್ನಲು ಅವನಿಗೆ ಕಾರಣ ಇತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ. ಕೊನೆಗೆ, "ನಿನ್ನಿಷ್ಟ ಕಣಮ್ಮ" ಅಂದು ಕೈಚೆಲ್ಲಿದ.

ಅರಸೀಕೆರೆಯ ಗ್ಯಾರೇಜಿನ ಮೇಸ್ತ್ರಿ ವಾಚಾಳಿ. ಗಾಡಿಯ ಹೊಟ್ಟೆಯ ಕೆಳಗಿನಿಂದಲೇ ಭಾಷಣ ಮಾಡುತ್ತಿದ್ದ. "ಬರೀ ಎಂಜಿನ್ನಿಗೆ ಕೈ ಹಾಕಿದ್ರೆ, ಕುದ್ರೆಗೆ ಹುರುಳಿ ತಿನ್ಸಿ ಕಾಲು ಕಟ್ಟಾಕ್ದಂಗೆ ಮೇಡಂ. ಹಿಂದ್ಗಡೆ ಚಕ್ರ ತಿರುಗ್ಸೋ ಹಲ್ಲಿನ ಗಾಲಿ, ಕ್ರೌನ್ ಪಿನಿಯನ್ನು, ಅದ್ನ ಬದ್ಲಾಯ್ಸಣ. ಎಂಜಿನ್ನು ಇನ್ನಷ್ಟು ಸುತ್ತಿದ್ರೆ ಚಕ್ರ ಒಂದು ಸುತ್ತು ತಿರುಗ್ತದೆ. ಎಳೆತ ಬತ್ತದೆ, ಓಟ ಕಮ್ಮಿಯಾಗ್ತದೆ." ಆ ಕಳೆದ ಓಟಕ್ಕೆ ಅವನ ಬಳಿ ಮದ್ದಿತ್ತು. ಹಳೆಯ ನಾಲ್ಕು ಗೇರಿನ ಡಬ್ಬ ತೆಗೆದು, ಆಮೇಲಿನ ಮಾಡೆಲ್ಲಿನ ಐದು ಗೇರಿನದ್ದು ಕೂರಿಸಿದ. ಡೀಸೆಲ್ ಪಂಪು, ನಾಜಲ್ಲು ಬಿಚ್ಚಿ ಸರಿಮಾಡಿಸಿದ, ಟರ್ಬೊ ಹಾಕಿದ, ಕ್ಲಚ್ ಪ್ಲೇಟು ಹೊಸದು ಹಾಕಿದ. ಎಲ್ಲ ಮುಗಿದ ಮೇಲೆ ಹಿಂದೆ ಮರಳು ಮೂಟೆ ಹೇರಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ರೈಲ್ವೆ ಸೇತುವೆಯ ಏರಿಗೆ ಹೋದ. ನಡುವೆ ಬೇಕೆಂದೇ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ, ಬಿಟ್ಟ. ಗಾಡಿ ಒಂದಿಂಚೂ ಹಿಂದೆ ಜಾರದೆ ಜಿಗಿದು ಹೊರಟಿತು. ನಾನು ಹಿಗ್ಗಿಹೋದೆ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದ.

ಮನೆಗೆ ಬಂದ ಗಾಡಿಯನ್ನು ಅಮ್ಮ ಸುತ್ತಿ ನೋಡಿ, ನನ್ನನ್ನು ಒಳಗೆ ಕರೆದಳು.

"ಎಲ್ಲಾ ಸರಿ ಕಣೆ. ಇನ್ನು ಅವ್ರಿಬ್ರೂ ಮಾತಾಡೋದೆಲ್ಲಿ?"

"ನಿಧಾನವಾಗಿ ಓಡಿಸ್ಲಿ. ಯಾರು ಬೇಡ ಅಂದೋರು?"

"ಗಾಡಿ ಕೈಲಾಗ್ದೆ ನಿಧಾನ ಹೋದ್ರೆ ಅದು ಗಾಡಿ ತಪ್ಪು. ಓಡೋ ಗಾಡೀನ ನಿಧಾನ ಮಾಡಿದ್ರೆ, ಭಾವನ ಮುಂದೆ ಸೋತ ಅಂತ ಊರೋರು ಅಂತಾರೆ. ನಿಮ್ಮಪ್ಪ ಅದ್ನ ತಡ್ಕೋತಾನಾ?"

ಅಪ್ಪನ ಮರ್ಯಾದೆ ಉಳಿಸಲು ಹೋಗಿದ್ದೆ, ಅವನಿಂದ ಅಕ್ಕನನ್ನೇ ಕಿತ್ತುಕೊಂಡಂತಾಗಿತ್ತು. ಆ ವಾರವೆಲ್ಲ ಪಾಠ ಹೇಳುವಾಗಲೂ ಅದೇ ಯೋಚನೆ. ಅಪ್ಪನಿಗೂ ಮಾವನಿಗೂ ಸೇರಿಸಿ ಬೈದುಬಿಡೋಣ ಅನ್ನಿಸುತ್ತಿತ್ತು.

ಭಾನುವಾರ ಅಪ್ಪನ ಜೊತೆ ನಾನೂ ಹತ್ತಿ ಕೂತೆ. ಹಿಂದೆ ಮೂಟೆಗಳ ಪೂರ್ತಿ ಲೋಡು. ಏರಿನ ಬುಡಕ್ಕೆ ಬಂದಾಗ ಅಪ್ಪ ಅಭ್ಯಾಸಬಲದಿಂದ ಗೇರಿಗೆ ಕೈ ಹಾಕಿದ, ಬೇಕಾಗಿರಲಿಲ್ಲ, ತೆಗೆದ. ಮೂರನೇ ಗೇರಿನಲ್ಲೇ ಗಾಡಿ ಸಲೀಸಾಗಿ ಏರತೊಡಗಿತು. ಹಿಂದೆ ಹಾರನ್ನಿಲ್ಲ, ಯಾರೂ ಇಲ್ಲ. ನಾನು ಅತ್ತೆಯ ಗೇಟಿನ ಕಡೆಗೇ ನೋಡುತ್ತಿದ್ದೆ.

ಅತ್ತೆ ಗೇಟಿನ ಹೊರಗೆ ಕೈಚೀಲ ಹಿಡಿದು ನಿಂತಿದ್ದಳು. ಗಾಡಿ ಹೊಸದಾದದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಗಾಡಿಯ ಮೂತಿ ಕಂಡದ್ದೇ ಯಾವಾಗಲೂ ಮಾಡುವಂತೆ ಮೊದಲೇ ಮುಂದಕ್ಕೆ ಹೆಜ್ಜೆ ಹಾಕತೊಡಗಿದಳು, ಸೊಂಟದ ಮೇಲೊಂದು ಕೈಯಿಟ್ಟು, ಕುಂಟುತ್ತ. ಜಗಲಿಯಲ್ಲಿ ಮಾವನ ಪೇಪರು ಅಗಲವಾಗಿಯೇ ಇತ್ತು.

ಅಪ್ಪ ಅವಳ ಬೆನ್ನನ್ನು ನೋಡಿದ. ಆಮೇಲೆ ಬ್ರೇಕು ಒತ್ತಿದ. ತುಂಬಿದ ಗಾಡಿ ಏರಿನ ನಟ್ಟನಡುವೆ, ಆ ಗೇಟಿನಿಂದ ನಾಲ್ಕು ಮಾರು ಮುಂದೆ, ಅತ್ತೆಯ ಪಕ್ಕದಲ್ಲಿ ನಿಂತಿತು.

ಅತ್ತೆಗೆ ಅದು ತಿಳಿಯಲಿಲ್ಲ. ಕಿಟಕಿಗೆಂದು ಪಕ್ಕಕ್ಕೆ ಕೈ ಚಾಚಿಕೊಂಡು, ರಸ್ತೆಯ ಮೇಲೆ ಕಣ್ಣಿಟ್ಟು, "ಹೋದ್ವಾರ ಹೇಳ್ದೆನಲ್ಲಾ, ಅವ್ರ ಮಗ" ಅನ್ನುತ್ತ ನಡೆಯುತ್ತಲೇ ಹೋದಳು. ಗಾಡಿಯ ಮೂತಿಯನ್ನೂ ದಾಟಿದಳು. ಪಕ್ಕದಲ್ಲಿ ಯಾರೂ ಇಲ್ಲವೆಂದು ಗೊತ್ತಾದಾಗ ತಿರುಗಿದಳು. ಅವಳ ಮುಖದಲ್ಲಿ ಗಾಬರಿ.

"ಯಾಕೋ ತಮ್ಮಾ, ಕೆಟ್ಟೋಯ್ತಾ?"

ಅಪ್ಪ ಎಂಜಿನ್ನು ಆರಿಸಿದ. ಆ ಏರಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲೇ ಇಲ್ಲ.

"ಇಲ್ಲ ಕಣಕ್ಕ" ಅಂದ. "ನಿಲ್ಲಿಸ್ದೆ."