ಆ ವರ್ಷ ಸಹಿ ಹಾಕಿದ ಇಬ್ಬರು

ಆ ವರ್ಷ ನಮ್ಮ ಕ್ಲಬ್ಬಿಗೆ ಇಬ್ಬರು ಹೊಸ ಆಟಗಾರರನ್ನು ತೆಗೆದುಕೊಂಡೆವು. ಇಬ್ಬರನ್ನೂ ಆರಿಸಿದವನು ನಾನೇ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದುಕೊಂಡು, ಬೆಳಗಿನ ಹೊತ್ತು ಈ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಆಗಿ ಇಪ್ಪತ್ತು ವರ್ಷ ಕಳೆದವನು ನಾನು. ಕ್ಲಬ್ಬೆಂದರೆ ದೊಡ್ಡದೇನಲ್ಲ. ದುಡಿಯಲು ಹೋಗುವ ಹದಿನೆಂಟಿಪ್ಪತ್ತು ಜನ, ಬೆಳಗ್ಗೆ ಆರರಿಂದ ಎಂಟರವರೆಗೆ ಸಿಗುವ ಒಂದು ಮೈದಾನ, ಬಲೆಯ ಚೀಲದಲ್ಲಿ ಒಂದಿಷ್ಟು ಚೆಂಡು, ವರ್ಷಕ್ಕೊಂದು ಲೀಗು. ಕ್ರಿಕೆಟ್ಟಿನ ಹುಚ್ಚಿರುವ ಊರಿನಲ್ಲಿ ಫುಟ್‌ಬಾಲ್ ಆಡುವವರನ್ನು ಫುಟ್‌ಬಾಲ್ ಆಡುವವರೇ ಬಂದು ನೋಡಬೇಕು.

ನಾನು ಕಾಲು ನೋಡಿ ಆಟಗಾರರನ್ನು ಆರಿಸುವವನಲ್ಲ, ನಡತೆ ನೋಡಿ ಆರಿಸುವವನು ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಯಾರು ಮೊದಲು ಬರುತ್ತಾರೆ, ಅಭ್ಯಾಸ ಮುಗಿದ ಮೇಲೆ ಚೆಂಡು ಯಾರು ಆರಿಸಿ ತರುತ್ತಾರೆ, ಬೈಸಿಕೊಂಡವನ ಮುಖ ಮರುದಿನ ಹೇಗಿರುತ್ತದೆ, ಇವೆಲ್ಲ ನನ್ನ ಪರೀಕ್ಷೆಗಳು. ಆಟ ಕಲಿಸಬಹುದು, ಗುಣ ಕಲಿಸಲಾಗದು ಎನ್ನುವುದು ನನ್ನ ಮಾತು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲನೆಯವನು ಹರಿಹರದವನು. ಇಪ್ಪತ್ತಾರು ವರ್ಷ, ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ, ಮದುವೆಯಾಗಿ ಒಂದು ಹೆಣ್ಣುಮಗು. ಮನೆಯಲ್ಲಿ ಉರ್ದು, ಹೊರಗೆ ಅಚ್ಚ ಹರಿಹರದ ಕನ್ನಡ. ಆಯ್ಕೆಯ ದಿನ ಐದೂಮುಕ್ಕಾಲಿಗೆ ನಾನು ಗೇಟು ತೆಗೆಯಲು ಹೋದರೆ ಆಗಲೇ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹೆಂಗೂ ಬಂದಿದ್ದೀನಲ್ಲ ಎಂದು ಗೋಲಿನ ಮುಂದಿನ ಕಲ್ಲುಗಳನ್ನು ಆರಿಸಿ ಬದಿಗೆ ಹಾಕಿದ. ಆಟದಲ್ಲಿ ಅಂಥ ಮಿಂಚೇನೂ ಇರಲಿಲ್ಲ. ಡಿಫೆನ್ಸಿನಲ್ಲಿ ನಿಂತರೆ ಗೋಡೆಯ ಹಾಗೆ ನಿಲ್ಲುತ್ತಿದ್ದ, ಎದುರಿನವನು ದಾಟಿ ಹೋದರೆ ಬಿಡದೆ ಬೆನ್ನಟ್ಟುತ್ತಿದ್ದ. ಅಷ್ಟೆ. ಆದರೆ ನನ್ನ ಎಲ್ಲ ಪರೀಕ್ಷೆಗಳಲ್ಲೂ ಅವನೇ ಮೊದಲು.

ಎರಡನೆಯವನು ದೇವರಾಜ ಅರಸು ಬಡಾವಣೆಯವನು. ಅಪ್ಪನ ಔಷಧಿ ಅಂಗಡಿಯಲ್ಲಿ ಕೂರುತ್ತಿದ್ದ. ಎಡಗಾಲಿನಲ್ಲಿ ಅವನು ಚೆಂಡು ತಿರುಗಿಸುವುದನ್ನು ನೋಡಿದರೆ ಬೈಯಲು ಬಾಯಿ ತೆರೆದವನೂ ಸುಮ್ಮನಾಗಬೇಕು. ಆದರೆ ಸರಿಯಾಗಿ ಆರಕ್ಕೆ ಬರುತ್ತಿದ್ದ, ಎಂಟಕ್ಕೆ ಶೂ ಬಿಚ್ಚುತ್ತಿದ್ದ. ಮೈಯಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ನೇರವಾಗಿ ಹೇಳಿಬಿಡುತ್ತಿದ್ದ. ಆಟ ನೋಡಿ ಅವನನ್ನು ಬಿಡಲಾಗಲಿಲ್ಲ. ಇಬ್ಬರೂ ಒಂದೇ ದಿನ, ನನ್ನ ಸ್ಕೂಟರಿನ ಸೀಟಿನ ಮೇಲೆ ಫಾರ್ಮು ಇಟ್ಟುಕೊಂಡು ಸಹಿ ಹಾಕಿದರು.

ಮಳೆಗಾಲದ ನಡುವೆ ಒಂದು ಬೆಳಗ್ಗೆ ಔಷಧಿ ಅಂಗಡಿಯವನು ಅಭ್ಯಾಸದ ಮಧ್ಯದಲ್ಲಿ ನಿಂತುಬಿಟ್ಟ.

"ಸರ್, ತೊಡೆ ಹಿಡ್ಕೊಂಡೈತೆ. ಇವತ್ತು ಓಡಂಗಿಲ್ಲ."

"ಸ್ವಲ್ಪ ಓಡು, ತಾನೇ ಬಿಡ್ತೈತೆ," ಎಂದೆ.

"ಬ್ಯಾಡ ಸರ್. ಈಗ ಓಡಿದ್ರೆ ತಿಂಗಳುಗಟ್ಲೆ ಕೂರಬೇಕಾಗ್ತದೆ."

ನನಗೆ ಸಿಟ್ಟು ಬಂತು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದೆ: "ನೋವು ಯಾರಿಗಿಲ್ಲಪ್ಪ? ನೋವು ನುಂಗಿ ಆಡೋನೇ ಆಟಗಾರ. ಹರಿಹರದಿಂದ ದಿನಾ ಬರ್ತಾನಲ್ಲ, ಅವನ್ನ ನೋಡಿ ಕಲೀರಿ. ಒಂದು ದಿನ ಆಗಲ್ಲ ಅಂದಿದ್ದು ಕೇಳೀರೇನು?"

ಹರಿಹರದವನು ನಾಚಿಕೊಂಡು ನೆಲ ನೋಡುತ್ತಿದ್ದ. ಅವನ ಕಿವಿಯವರೆಗೂ ಕೆಂಪೇರಿತ್ತು. ಅದನ್ನು ನಾನು ಅವನ ವಿನಯ ಎಂದುಕೊಂಡೆ.

ಅದಾಗಿ ಹದಿನೈದು ದಿನಕ್ಕೆ, ಒದ್ದೆ ಮೈದಾನದಲ್ಲಿ ಚೆಂಡಿಗೆ ಅಡ್ಡ ಬೀಳಲು ಹೋಗಿ ಅವನ ಬಲಗಾಲು ತಿರುಚಿಕೊಂಡಿತು. ಕುಂಟುತ್ತ ಗೆರೆಯಾಚೆ ಬಂದ, ಮೊಣಕಾಲಿಗೆ ನೀರು ಸುರಿದುಕೊಂಡ, ಟವೆಲ್ಲನ್ನು ಬಿಗಿಯಾಗಿ ಕಟ್ಟಿ ಮತ್ತೆ ಒಳಗೆ ಓಡಿದ. ನಾನು ಚಪ್ಪಾಳೆ ಹೊಡೆದೆ. ಉಳಿದವರೂ ಹೊಡೆದರು. ಚಪ್ಪಾಳೆ ಹೊಡೆಯದೆ ನಿಂತವನು ಔಷಧಿ ಅಂಗಡಿಯವನೊಬ್ಬನೇ.

ಒಂದು ವಾರದ ನಂತರ ಅವನೇ ನನ್ನ ಬಳಿ ಬಂದ.

"ಸರ್, ಅವನ ಮಣಕಾಲು ನೋಡೀರೇನು? ಊದೈತೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೊಂಡು ಇಳೀತಾನೆ. ಒಂದು ತಿಂಗಳು ಕೂರ್ಸ್ರಿ. ಎಕ್ಸ್‌ರೇನಾದ್ರೂ ತೆಗೆಸ್ರಿ."

"ಅವನು ನನಗೆ ಏನೂ ಹೇಳಿಲ್ಲ."

"ಅವನು ಹೇಳಂಗಿಲ್ಲ ಸರ್. ಅದಕ್ಕೇ ನಾನು ಹೇಳಾಕ್ ಬಂದಿದ್ದು."

"ನಿನ್ನ ಕಾಲು ನೀನು ನೋಡ್ಕೋ," ಎಂದುಬಿಟ್ಟೆ. "ಎಲ್ಲಾರ್ನೂ ನಿನ್ನಂಗೆ ಮಾಡಬ್ಯಾಡ."

ಅವನು ಅಂದಿನ ಅಭ್ಯಾಸ ಪೂರ್ತಿ ಮಾಡಿದ, ಮರುದಿನದಿಂದ ಬರಲಿಲ್ಲ. ನಾನು ಫೋನೂ ಮಾಡಲಿಲ್ಲ. ನನ್ನ ಅಂದಾಜು ಸರಿಯಾಯಿತು ಎಂದು ಒಳಗೊಳಗೇ ಸಮಾಧಾನಪಟ್ಟೆ.

ಲೀಗಿನ ಸೆಮಿಫೈನಲ್ ಹರಿಹರದಲ್ಲಿ ಬಿತ್ತು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹರಿಹರದವನ ಜೊತೆ ಕೆಲಸ ಮಾಡುವ ಗಾರೆಯವರು, ಓಣಿಯವರು, ಹೆಂಡತಿಯ ತಮ್ಮಂದಿರು, ಎಲ್ಲರೂ ಬಂದಿದ್ದರು. ಹೆಂಡತಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು. ಅವನು ಸಾಕ್ಸು ಏರಿಸಿಕೊಳ್ಳುವಾಗ ಬಲ ಮೊಣಕಾಲಿನ ಸುತ್ತ ದಪ್ಪಗೆ ಪಟ್ಟಿ ಸುತ್ತಿರುವುದು ನನಗೆ ಕಾಣಿಸಿತು.

"ಕಾಲು ಹೆಂಗೈತೆ?" ಎಂದು ಕೇಳಿದೆ.

"ಆರಾಮೈತೆ ಸರ್."

ಈ ಉತ್ತರವೇ ಬರುತ್ತದೆ ಎಂದು ನನಗೆ ಕೇಳುವ ಮೊದಲೇ ಗೊತ್ತಿತ್ತು. ಬೇರೆ ಉತ್ತರ ಬಂದಿದ್ದರೆ ಅವನ ಜಾಗಕ್ಕೆ ಯಾರನ್ನು ಇಳಿಸಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷಗಳಾದ ಮೇಲೆ ಇದನ್ನು ಮುಚ್ಚಿಟ್ಟು ಏನು ಮಾಡಲಿ? ಕೇಳಿದೆ ಎನಿಸಿಕೊಳ್ಳುವುದಕ್ಕಷ್ಟೇ ಕೇಳಿದ್ದು.

ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಎತ್ತರದ ಚೆಂಡೊಂದಕ್ಕೆ ಹಾರಿದವನು ಕೆಳಗಿಳಿಯುವಾಗ ಬಲಗಾಲಿನ ಮೇಲೆ ಇಳಿದ. ಕಾಲು ಅಲ್ಲೇ ನಿಂತಿತು, ಮೈ ಆ ಕಡೆ ತಿರುಗಿತು. ಯಾರೂ ಅವನನ್ನು ಮುಟ್ಟಿರಲಿಲ್ಲ. ಕೂಗಲಿಲ್ಲ ಕೂಡ. ಎರಡು ಸಲ ಎದ್ದು ನಿಲ್ಲಲು ನೋಡಿದ. ಮೂರನೆಯ ಸಲ ಎದುರು ತಂಡದವನೇ ಅವನ ಹೆಗಲು ಒತ್ತಿ ಹಿಡಿದು, "ಏಳಬ್ಯಾಡಣ್ಣ, ಮಲಕ್ಕೋ," ಎಂದ. ಬೇವಿನ ಮರದ ಕೆಳಗಿಂದ ಅವನ ಹೆಂಡತಿ ಮಗುವನ್ನು ಯಾರದೋ ಕೈಗೆ ಕೊಟ್ಟು ಗೆರೆಯವರೆಗೆ ಓಡಿ ಬಂದು, ಒಳಗೆ ಬರಬಹುದೋ ಬಾರದೋ ತಿಳಿಯದೆ ಅಲ್ಲೇ ನಿಂತಳು.

ಕಾರಿನಲ್ಲಿ ದಾವಣಗೆರೆಗೆ ಕರೆತರುವಾಗ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದವನು ಕಣ್ಣು ಮುಚ್ಚಿಕೊಂಡೇ ಕೇಳಿದ: "ಸರ್, ನನ್ನ ಜಾಗಕ್ಕೆ ಯಾರನ್ನ ಇಳಿಸಿದ್ರಿ?"

ಪಿ.ಜೆ. ಬಡಾವಣೆಯ ಮೂಳೆ ಡಾಕ್ಟರು ಮೊಣಕಾಲನ್ನು ಒತ್ತಿ, ಎಳೆದು, ತಿರುಗಿಸಿ ನೋಡಿದರು. ಸ್ಕ್ಯಾನ್ ಬಂದ ಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದರು.

"ಮೊದಲು ಯಾವಾಗ ಪೆಟ್ಟಾಗಿದ್ದು?"

ಅವನು ನನ್ನ ಮುಖ ನೋಡಿದ. "ಎರಡು ತಿಂಗಳಾತು ಸರ್."

"ಎರಡು ತಿಂಗಳಿಂದ ಇದರ ಮೇಲೆ ಓಡಿದ್ದೀರಾ?" ಡಾಕ್ಟರು ಚೀಟಿ ಬರೆಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಆಗ ಲಿಗಮೆಂಟು ಸ್ವಲ್ಪ ಹರಿದಿರಬೇಕು. ರೆಸ್ಟ್ ಕೊಟ್ಟಿದ್ರೆ ಬಹುಶಃ ಕೂಡ್ಕೊಳ್ತಿತ್ತು. ಈಗ ಪೂರ್ತಿ ಹೋಗಿದೆ, ಒಳಗಿನ ಮೆತ್ತೆಯೂ ಹಾಳಾಗಿದೆ. ಆಪರೇಷನ್ ಮಾಡಿದ್ರೆ ನಡೀಬಹುದು. ಏನು ಕೆಲಸ ನಿಮ್ದು?"

"ಟೈಲ್ಸ್ ಹಾಕ್ತೀನಿ ಸರ್."

ಟೈಲ್ಸ್ ಕೆಲಸವೆಂದರೆ ಬೆಳಗಿನಿಂದ ಸಂಜೆಯವರೆಗೆ ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಹಿಂದಕ್ಕೆ ಸರಿಯುವುದು. ಅದು ಡಾಕ್ಟರಿಗೂ ಗೊತ್ತಿತ್ತು.

"ಕುಕ್ಕರುಗಾಲಲ್ಲಿ ಕೂರೋದು ಇನ್ನು ಕಷ್ಟ," ಎಂದರು. ಆಟದ ವಿಷಯವನ್ನು ಯಾರೂ ಎತ್ತಲಿಲ್ಲ.

ಆ ಪಂದ್ಯ ನಾವು ಗೆದ್ದಿದ್ದೆವು. ಫೈನಲ್ಲಿನಲ್ಲಿ ಸೋತೆವು.

ಆಪರೇಷನ್ನಾಗಿ ಒಂದೂವರೆ ತಿಂಗಳ ಮೇಲೆ ಹರಿಹರಕ್ಕೆ ಅವನ ಮನೆಗೆ ಹೋದೆ. ಮೊದಲೇ ಹೋಗಬೇಕಿತ್ತು. ಪ್ರತಿ ಭಾನುವಾರ ಹೊರಟು ಏನಾದರೊಂದು ನೆಪ ಹೇಳಿಕೊಂಡು ಉಳಿಯುತ್ತಿದ್ದೆ. ಅವನು ಕಾಲಿಗೆ ಬೆಲ್ಟು ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ನನ್ನನ್ನು ಕಂಡದ್ದೇ ಏಳಲು ಹೋದ. "ಕೂಡು, ಕೂಡು," ಎಂದು ನಾನು ಹೆಚ್ಚುಕಡಿಮೆ ಗದರಿದೆ. ಮಗು ಅವನ ಕೋಲನ್ನು ನೆಲದ ಮೇಲೆ ಉರುಳಿಸಿಕೊಂಡು ಆಡುತ್ತಿತ್ತು.

ಹೆಂಡತಿ ಚಹಾ ತಂದುಕೊಟ್ಟು ಬಾಗಿಲ ಬಳಿ ನಿಂತಳು. ನಾನು ಅವಳನ್ನೇ ಕೇಳಿದೆ: "ನೋವೈತೆ ಅಂತ ನಿಮಗಾದ್ರೂ ಹೇಳ್ತಿದ್ನೇನಮ್ಮ?"

"ಹೇಳೋದೇನ್ರಿ ಸರ್, ದಿನಾ ಸಂಜೆ ನಾನೇ ಉಪ್ಪಿನ ಶಾಖ ಕೊಡ್ತಿದ್ದೆ. ಹಲ್ಲು ಕಚ್ಚಿ ಕೂತಿರ್ತಿದ್ರು. ನಿಮ್ಮ ಸರ್‌ಗೆ ಹೇಳ್ರಿ ಅಂದ್ರೆ, 'ಸರ್ ಎಲ್ಲಾರ ಮುಂದೆ ನನ್ನ ಹೆಸ್ರು ತಗೊಂಡು ಹೇಳ್ತಾರೆ, ಈಗ ಹೆಂಗೆ ಹೇಳ್ಲಿ' ಅಂತಿದ್ರು."

"ಸುಮ್ನಿರೇ," ಎಂದು ಅವನು ಮೆಲ್ಲಗೆ ಗದರಿದ.

"ಯಾಕ ಸುಮ್ನಿರ್ಲಿ? ಸರ್ ಕೇಳಿದ್ರು, ಹೇಳ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಒಳಗೆ ಹೋದ ಮೇಲೆ ಅವನು ಹೇಳಿದ: "ಬ್ಯಾಸರ ಮಾಡ್ಕೊಬ್ಯಾಡ್ರಿ ಸರ್. ಹದಿನಾರು ವರ್ಷಕ್ಕೆ ಈ ಕೆಲಸಕ್ಕೆ ಇಳಿದೋನು ನಾನು. ಎಷ್ಟು ಮನಿಗೆ ಹಾಕೀನೋ ಲೆಕ್ಕಿಲ್ಲ. ಬಂದೋರು ನೆಲ ಚಂದ ಐತೆ ಅಂತಾರೆ. ಹಾಕ್ದೋನು ಚಂದ ಹಾಕ್ಯಾನೆ ಅಂತ ಯಾರೂ ಅನ್ನಂಗಿಲ್ಲ. ಅಲ್ಲಿ ಹತ್ತು ಜನದ ಮುಂದೆ ನೀವು ನನ್ನ ತೋರ್ಸಿ ಹೇಳಿದ್ರಿ. ಅದನ್ನ ಕಳ್ಕೊಳ್ಳಾಕ ಮನಸ್ಸಾಗ್ಲಿಲ್ಲ."

ತಪ್ಪು ನನ್ನದು ಎಂದು ಹೇಳಲು ಬಂದಿದ್ದೆ. ಹೇಳಿದೆ ಕೂಡ. ಅವನು ಕೈ ಹಿಡಿದುಕೊಂಡು, "ನೀವೇನು ಮಾಡ್ತೀರಿ ಸರ್," ಎಂದ. ಅವನು ಅಷ್ಟು ಸುಲಭವಾಗಿ ಮನ್ನಿಸಿಬಿಟ್ಟಿದ್ದು ನನಗೆ ಇನ್ನಷ್ಟು ಭಾರವಾಯಿತು. ಇಲ್ಲಿಯೂ ಅವನು ನೋವು ನುಂಗುತ್ತಿದ್ದಾನೆಯೇ, ಅದನ್ನೂ ನಾನೇ ಕಲಿಸಿದೆನೇ ಎಂದು ಅನ್ನಿಸಿತು.

ಹೊರಡುವಾಗ ಕಿಟಕಿಯ ಮೇಲೆ ಔಷಧಿಯ ಚೀಲ ಕಂಡೆ. ಅದರ ಮೇಲೆ ದಾವಣಗೆರೆಯ ಅಂಗಡಿಯೊಂದರ ಮುದ್ರೆಯಿತ್ತು. ಕೇಳಿದ್ದಕ್ಕೆ, "ಅವನು ಪ್ರತಿ ಗುರುವಾರ ಬರ್ತಾನೆ ಸರ್. ಗುಳಿಗೆ ತಂದು ಕೊಡ್ತಾನೆ, ಕಾಲು ಎತ್ತಿಸಿ ಇಳಿಸಿ ವ್ಯಾಯಾಮ ಮಾಡಿಸ್ತಾನೆ," ಎಂದ. ಯಾರೆಂದು ಕೇಳಬೇಕಾಗಿರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಆ ಅಂಗಡಿಗೆ ಹೋದೆ. ಗಿರಾಕಿಗಳು ಮುಗಿಯುವವರೆಗೆ ಬದಿಯಲ್ಲಿ ನಿಂತಿದ್ದೆ. ಅವನು ನನ್ನನ್ನು ನೋಡಿ, "ಬರ್ರಿ ಸರ್, ಕೂಡ್ರಿ," ಎಂದು ಸ್ಟೂಲು ಕೊಟ್ಟ. ನಾನು ಕೂರಲಿಲ್ಲ.

"ನೀನು ಹೇಳಿದಾಗ ಕೇಳಬೇಕಿತ್ತಪ್ಪ. ನಿನ್ನನ್ನೂ ಎಲ್ಲಾರ ಮುಂದೆ ಅಂದೆ. ತಪ್ಪಾತು."

ಅವನು ಗಾಜಿನ ಮೇಲೆ ಬಿದ್ದಿದ್ದ ಗುಳಿಗೆಯ ಪಟ್ಟಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದ. "ನನಗೆ ಅಂದಿದ್ದು ಬಿಡ್ರಿ ಸರ್, ಅದೇನೂ ಇಲ್ಲ. ಆದ್ರೆ ನಾನೂ ಬಿಟ್ಟು ಬಂದೆನಲ್ಲ. ನೀವು ಬೈದ್ರಿ ಅಂತ ಸಿಟ್ಟು ಮಾಡ್ಕೊಂಡು ಬಂದೆ. ಅಲ್ಲೇ ಇದ್ದು ಇನ್ನೊಂದು ಸಲ ಹೇಳಬಹುದಿತ್ತು. ಅವನಿಗಾದ್ರೂ ಗಟ್ಟಿಯಾಗಿ ಹೇಳಬಹುದಿತ್ತು."

ಸೋಮಾರಿ ಎಂದು ನಾನು ಎಣಿಸಿದ್ದವನು ನನ್ನ ತಪ್ಪಿನಲ್ಲಿ ಪಾಲು ಕೇಳುತ್ತಿದ್ದ.

"ಆಟಕ್ಕೆ ವಾಪಸ್ ಬಾ," ಎಂದೆ.

"ಇಲ್ಲ ಸರ್. ಈಗ ಮನಸ್ಸಿಲ್ಲ."

ಅವನು ಆಮೇಲೆ ಯಾವ ಕ್ಲಬ್ಬಿಗೂ ಆಡಲಿಲ್ಲ. ಆ ಎಡಗಾಲಿನ ಆಟವನ್ನು ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಯಾರೂ ನೋಡಲಿಲ್ಲ.

ಹರಿಹರದವನು ಈಗ ಅಲ್ಲೇ ಒಂದು ಟೈಲ್ಸ್ ಅಂಗಡಿಯಲ್ಲಿ ನಿಂತು ಮಾರುವ ಕೆಲಸ ಮಾಡುತ್ತಾನೆ. ಬಂದವರಿಗೆ ಯಾವ ಕೋಣೆಗೆ ಎಂಥದ್ದು ಸರಿ, ಜಾರುವುದು ಯಾವುದು, ಕಲೆ ಹಿಡಿಯುವುದು ಯಾವುದು ಎಂದು ವಿವರಿಸುತ್ತಾನೆ. ನಡೆಯುವಾಗ ಬಲಗಾಲು ಸ್ವಲ್ಪ ಹೊರಕ್ಕೆ ಬೀಳುತ್ತದೆ. ಹೋದ ವರ್ಷ ಅವನ ಮನೆಗೆ ಹೋದಾಗ ಅಡುಗೆಮನೆಗೆ ಹೊಸ ನೆಲ ಬಂದಿತ್ತು. ಬೇರೆಯವರ ಕೈಯಲ್ಲಿ ಹಾಕಿಸದೆ ಮಣೆಯ ಮೇಲೆ ಕೂತು, ಬಲಗಾಲನ್ನು ಮುಂದಕ್ಕೆ ಚಾಚಿಕೊಂಡು ಅವನೇ ಹಾಕಿದ್ದನಂತೆ. ಒಂದು ದಿನದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತಂತೆ. ಗೋಡೆಯ ಬದಿಯ ಸಾಲನ್ನು ತೋರಿಸಿ, "ಇದೊಂದು ಸಾಲು ಸೊಟ್ಟ ಐತೆ ಸರ್, ಆ ಮೂಲಿಗೆ ಬಗ್ಗಾಕ ಆಗ್ಲಿಲ್ಲ," ಎಂದ. ಎಷ್ಟು ನೋಡಿದರೂ ಸೊಟ್ಟ ನನಗೆ ಕಾಣಲಿಲ್ಲ. ಅವನಿಗೆ ಕಾಣುತ್ತಿತ್ತು.

ನಾನು ಕೋಚ್ ಕೆಲಸ ಬಿಡುತ್ತೇನೆಂದು ಎರಡು ಸಲ ಹೇಳಿದೆ. ಬೇರೆ ಯಾರೂ ಸಿಗದೆ ಇನ್ನೂ ನಾನೇ ಇದ್ದೇನೆ. ಈ ವರ್ಷದ ಆಯ್ಕೆಗೆ ಮಾಯಕೊಂಡದಿಂದ ಒಬ್ಬ ಬಂದಿದ್ದ. ಅರ್ಧ ಗಂಟೆ ಓಡಿದವನು ಹಿಮ್ಮಡಿ ನೋಯುತ್ತದೆ ಎಂದು ಹೋಗಿ ಕೂತುಬಿಟ್ಟ. ಕಮಿಟಿಯವರೊಬ್ಬರು, "ಇದು ಸೋಮಾರಿ ಗಿರಾಕಿ, ಬ್ಯಾಡ್ರಿ," ಎಂದರು. ನಾನು ಅವನ ಹೆಸರನ್ನೇ ಮೊದಲು ಬರೆದೆ. ಹಿಮ್ಮಡಿಯನ್ನು ಡಾಕ್ಟರಿಗೆ ತೋರಿಸಿದೆ. ಏನೂ ಆಗಿರಲಿಲ್ಲ. ಎರಡು ವಾರದಲ್ಲಿ ಅವನು ಬರುವುದನ್ನು ಬಿಟ್ಟ. ಬೆಳಗ್ಗೆ ಏಳುವುದು ಆಗುವುದಿಲ್ಲವಂತೆ. ನಿಜವಾಗಿಯೂ ಸೋಮಾರಿಯೇ ಆಗಿದ್ದ.

ಕಮಿಟಿಯವರು ನಕ್ಕರು, ನಾನೂ ನಕ್ಕೆ. ಆಮೇಲೆ ರಿಜಿಸ್ಟರಿನಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆಯುವಾಗ, ಮನುಷ್ಯರ ಗುಣ ತಿಳಿದವನ ಹಾಗೆ ಇಷ್ಟು ವರ್ಷ ಮಾತಾಡಿದ್ದಕ್ಕೆ ನಾಚಿಕೆಯಾಯಿತು.